ಕತ್ತೆ ಸೀಟು

ನಾನು ಹುಟ್ಟಾ ಮೂಗು ತೂರಿಸುವವನು. ಹೊಬೋಕನ್ ರೈಲು ಲೈನಿನಲ್ಲಿ ಕಂಡಕ್ಟರಾಗಿ ತಲೆ ಬೆಳ್ಳಗಾಗುವವರೆಗೆ ದುಡಿದ ಮೇಲೆ ಆ ಗುಣ ಇನ್ನಷ್ಟು ಬಲಿಯಿತೇ ಹೊರತು ಕಡಿಮೆಯಾಗಲಿಲ್ಲ. ದಿನವೂ ಅದೇ ಗಾಡಿ, ಅದೇ ಜನ, ಅವರವರ ಅದೇ ಸೀಟು. ಟಿಕೆಟ್ಟಿಗೆ ತೂತು ಹಾಕುವ ಪಂಚ್ ಹಿಡಿದುಕೊಂಡು ಡಬ್ಬಿಯ ಈ ತುದಿಯಿಂದ ಆ ತುದಿಗೆ ನಡೆಯುವವನಿಗೆ ಬೇರೇನು ಕೆಲಸ? ಯಾರು ಮನೆಯಲ್ಲಿ ಜಗಳವಾಡಿಕೊಂಡು ಬಂದಿದ್ದಾರೆ, ಯಾರು ಕೆಲಸ ಹೋಗಿದ್ದರೂ ಹೆಂಡತಿಗೆ ಹೇಳದೆ ಪೆಟ್ಟಿಗೆ ಹಿಡಿದು ನ್ಯೂಯಾರ್ಕಿಗೆ ಹೋಗಿ ಬರುತ್ತಿದ್ದಾರೆ, ಎಲ್ಲ ನನಗೆ ಗೊತ್ತಿತ್ತು. ನಮ್ಮಲ್ಲಿ ಒಬ್ಬೊಬ್ಬ ಕಂಡಕ್ಟರನ ಪಂಚಿನ ತೂತಿಗೆ ಒಂದೊಂದು ಆಕಾರ. ನನ್ನದು ಪುಟ್ಟ ಬೂಟು. ಟಿಯರ್ನಿ ನಮ್ಮ ಟಿಕೆಟ್ಟು ತುಳಿದು ಹೋದ ಎಂದು ಜನ ತಮಾಷೆ ಮಾಡುತ್ತಿದ್ದರು.

ಇಷ್ಟೆಲ್ಲ ತಿಳಿದಿದ್ದ ನನಗೆ ಒಂದು ವಿಷಯ ಮಾತ್ರ ಬಹಳ ವರ್ಷ ತಿಳಿಯಲಿಲ್ಲ. ಲೆಸ್ಟರ್ ಪ್ರೊಕಾಪ್ ಕತ್ತೆ ಸೀಟು ಬಿಟ್ಟು ಯಾಕೆ ಮೇಲೇಳುವುದಿಲ್ಲ ಎನ್ನುವುದು.

ನಮ್ಮ ಹಳೆಯ ಹಸಿರು ಡಬ್ಬಿಗಳಲ್ಲಿ ಸೀಟಿನ ಒರಗನ್ನು ಆ ಕಡೆಯಿಂದ ಈ ಕಡೆಗೆ ತಳ್ಳಬಹುದಾಗಿತ್ತು. ಗಾಡಿ ಕೊನೆಯ ನಿಲ್ದಾಣ ಮುಟ್ಟಿದ ಮೇಲೆ ನಾನು ಒಂದೊಂದೇ ಹಿತ್ತಾಳೆ ಹಿಡಿ ಹಿಡಿದು ಧಡ್ ಧಡ್ ಎಂದು ತಿರುಗಿಸುತ್ತ ಬಂದರೆ, ಮುಂದಿನ ಪ್ರಯಾಣಕ್ಕೆ ಎಲ್ಲರ ಮುಖವೂ ಮುಂದಕ್ಕೆ. ಇಸ್ಪೀಟಿನವರು ಮಾತ್ರ ಒಂದು ಸೀಟನ್ನು ಮತ್ತೆ ಹಿಂದಕ್ಕೆ ತಳ್ಳಿಕೊಂಡು, ಇಬ್ಬರಿಗಿಬ್ಬರು ಎದುರುಬದುರಾಗಿ ಕೂತು, ಮೊಣಕಾಲುಗಳ ಮೇಲೆ ಹಲಗೆ ಇಟ್ಟುಕೊಂಡು ಆಡುತ್ತಿದ್ದರು. ಹಲಗೆ ಅಂದರೆ ಬಾಗಿಲ ಪಕ್ಕದ ಜಾಹೀರಾತಿನ ದಪ್ಪ ರಟ್ಟು. ಅದನ್ನು ಬಿಚ್ಚಿಕೊಡುವುದೂ ಆಟ ಮುಗಿದ ಮೇಲೆ ವಾಪಸ್ಸು ಸಿಕ್ಕಿಸುವುದೂ ಕಂಡಕ್ಟರನ ಕೆಲಸವೇ ಎಂದು ಎಲ್ಲರೂ ತಿಳಿದಿದ್ದರು. ನಾನೂ ತಿಳಿದಿದ್ದೆ.

ಹಿಂದುಮುಖದ ಸೀಟು ಯಾರಿಗೂ ಬೇಡ. ಅಲ್ಲಿ ಕೂತವನಿಗೆ ಊರು ಬರುವುದು ಕಾಣುವುದಿಲ್ಲ, ಹೋದ ಮೇಲೆ ಕಾಣುತ್ತದೆ. ಹೊಟ್ಟೆ ತೊಳಸುವುದು ಬೇರೆ. ಹಾಗಾಗಿ ಆಟಕ್ಕೆ ಹೊಸದಾಗಿ ಸೇರಿದವನನ್ನು ಅಲ್ಲಿ ಕೂರಿಸುವುದು ವಾಡಿಕೆ, ಅದಕ್ಕೇ ಅದು ಕತ್ತೆ ಸೀಟು. ಮೇಲಿನವನೊಬ್ಬ ನಿವೃತ್ತನಾದರೆ, ಸತ್ತರೆ, ಫ್ಲಾರಿಡಾಗೆ ಹೋದರೆ ಕತ್ತೆಗೆ ಬಡ್ತಿ. ಇದು ರೈಲ್ವೆಯವರು ಬರೆದ ಕಾಯಿದೆಯಲ್ಲ, ಆದರೆ ಅವರ ಕಾಯಿದೆಗಿಂತ ಹೆಚ್ಚು ಶ್ರದ್ಧೆಯಿಂದ ಜನ ಇದನ್ನು ಪಾಲಿಸುತ್ತಿದ್ದರು.

ಲೆಸ್ಟರ್ ಆಲ್ಡರ್‌ಬ್ರೂಕಿನಲ್ಲಿ ಹತ್ತುತ್ತಿದ್ದ. ನ್ಯೂಯಾರ್ಕಿನಲ್ಲಿ ಗುಂಡಿಗಳ ಸಗಟು ವ್ಯಾಪಾರದ ಅಂಗಡಿಯೊಂದರಲ್ಲಿ ಕೆಲಸ. ಅಂಗಿ ಗುಂಡಿ, ಕೋಟಿನ ಗುಂಡಿ, ಚಿಪ್ಪಿನ ಗುಂಡಿ, ಇಡೀ ದಿನ ಅದೇ. ಸಣಕಲು ಆಳು, ಯಾವಾಗಲೂ ಬೂದು ಹ್ಯಾಟು, ಮಾತು ಕಡಿಮೆ. ಇವನನ್ನು ಆಟಕ್ಕೆ ಸೇರಿಸಿಕೊಂಡ ಗಿಲ್ರಾಯ್ ವಿಮೆ ಮಾರುವವನು, ಇಡೀ ಡಬ್ಬಿಗೆ ಕೇಳುವ ಗಂಟಲು. ಇವರು ಪಿನಾಕಲ್ ಎಂಬ ಇಸ್ಪೀಟಾಟ ಆಡುತ್ತಿದ್ದದ್ದು ಗುಂಡಿಗಳನ್ನು ಪಣ ಕಟ್ಟಿ. ಲೆಸ್ಟರ್ ಜೇಬಿನಿಂದ ಒಡೆದ, ಜೋಡಿ ತಪ್ಪಿದ ಗುಂಡಿಗಳನ್ನು ತಂದು ಹಂಚುತ್ತಿದ್ದ. ಗೆದ್ದ ಗುಂಡಿಗಳನ್ನು ಗಿಲ್ರಾಯ್ ಹೆಂಡತಿ ಕೈಯಲ್ಲಿ ಕೋಟಿನ ಒಳಗೆ ಹೊಲಿಸಿಕೊಂಡಿದ್ದ, ಬೇಕಾದವರಿಗೆ ಬಿಚ್ಚಿ ತೋರಿಸುತ್ತಿದ್ದ.

ಕೆಲವು ವರ್ಷ ಕಳೆದು ಲೆಸ್ಟರನಿಗೆ ಬಡ್ತಿಯ ಸರದಿ ಬಂತು. ಹೊಸ ಕತ್ತೆಯೂ ಸಿದ್ಧವಾಗಿ ಬಂದು ನಿಂತಿತ್ತು. ಲೆಸ್ಟರ್ ಮಾತ್ರ ಏಳಲಿಲ್ಲ.

"ಎದ್ದೇಳೋ ಲೆಸ್ಟರ್, ನಿನ್ನ ವನವಾಸ ಮುಗೀತು," ಎಂದ ಗಿಲ್ರಾಯ್.

"ನಂಗೆ ಇಲ್ಲೇ ಸರಿಯಾಗಿದೆ. ಎಲೆ ಹಂಚಿ."

ಗಿಲ್ರಾಯ್ ಇನ್ನೂ ಎರಡು ಸಲ ಕರೆದ. ಆಮೇಲೆ, ಕೆಲವರು ಕತ್ತೆಯಾಗೇ ಹುಟ್ಟಿರುತ್ತಾರೆ, ಏನು ಮಾಡೋದು ಎಂದು ಹೊಸಬನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಅಲ್ಲಿಂದ ಎಷ್ಟು ಜನ ಬಂದರೋ ಹೋದರೋ, ಲೆಸ್ಟರ್ ಕಿಟಕಿ ಪಕ್ಕದ ಆ ಹಿಂದುಮುಖದ ಜಾಗ ಬಿಡಲಿಲ್ಲ. ಅವನಿಗೆ ಆ ಲೈನಿನ ಊರುಗಳ ಬೆನ್ನು ಮಾತ್ರ ಗೊತ್ತಿತ್ತು. ಒಂದು ಸಲ ಮಾತಿಗೆ ಮಾತು ಬಂದು, ಮುಂದಿನ ಸ್ಟೇಷನ್ ಮಿಲ್ ಸ್ಟ್ರೀಟಿನ ನೀರಿನ ಟ್ಯಾಂಕಿನ ಮೇಲೆ ಏನೂ ಬರೆದಿಲ್ಲ ಎಂದು ಪಂದ್ಯ ಕಟ್ಟಿ ಗುಂಡಿಗಳನ್ನೆಲ್ಲ ಸೋತ. ಟ್ಯಾಂಕಿನ ಮುಂಭಾಗದಲ್ಲಿ ಊರಿನ ಹೆಸರು ಆಳೆತ್ತರದ ಅಕ್ಷರದಲ್ಲಿತ್ತು. ಇವನು ನೋಡಿದ್ದು ಹಿಂಭಾಗ.

ನನ್ನ ತಲೆಗೆ ಹುಳ ಹೊಕ್ಕಿದ್ದು ಇನ್ನೊಂದು ಕಾರಣಕ್ಕೆ. ಸಂಜೆ ಗಾಡಿಯಲ್ಲಿ ಇದೇ ಮನುಷ್ಯ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಕೂರುತ್ತಿದ್ದ. ಮುಂದುಮುಖವೋ ಹಿಂದುಮುಖವೋ ಕಿಟಕಿಯೋ ನಡುವೋ, ಒಂದೂ ನೋಡುತ್ತಿರಲಿಲ್ಲ. ಹಟ ಎಲ್ಲ ಬೆಳಗಿನ ಏಳೂ ಕಾಲಿನ ಗಾಡಿಯಲ್ಲಿ ಮಾತ್ರ.

"ಏನಯ್ಯ, ಅಲ್ಲೇ ಬೇರು ಬಿಟ್ಟಿದ್ದೀಯಾ?" ಎಂದು ಕೇಳಿದೆ ಒಂದು ದಿನ, ಟಿಕೆಟ್ಟಿಗೆ ಬೂಟು ಒತ್ತುತ್ತ.

"ಆ ಕಡೆ ಕೂತ್ರೆ ಕಣ್ಣಿಗೆ ಬಿಸಿಲು ಹೊಡೆಯುತ್ತೆ."

ನಾನು ಬಿಡುವವನೇ? ಮಂಜು ಮುಸುಕಿದ ದಿನ ನೋಡಿಕೊಂಡು ಮತ್ತೆ ಕೇಳಿದೆ. "ಇವತ್ತೆಲ್ಲಿದೆ ಬಿಸಿಲು?"

"ಸೊಂಟ ಹಿಡ್ಕೊಳ್ಳುತ್ತೆ."

"ಸಾಯಂಕಾಲ ಹಿಡ್ಕೊಳ್ಳಲ್ವಾ?"

ಅವನು ಕೈಯಲ್ಲಿದ್ದ ಎಲೆಗಳನ್ನು ಜೋಡಿಸಿಕೊಳ್ಳುತ್ತ, "ಸಾಯಂಕಾಲ ಅದರ ಡ್ಯೂಟಿ ಮುಗಿದಿರುತ್ತೆ," ಎಂದ. ಗಿಲ್ರಾಯ್ ನನ್ನ ಮುಖ ನೋಡಿ ಹೊಟ್ಟೆ ಹಿಡಿದು ನಕ್ಕ. ನಾನು ಮುಂದಿನ ಸೀಟಿಗೆ ಹೋದೆ.

ಇನ್ನೊಂದು ಬೆಳಿಗ್ಗೆ ಇದಕ್ಕಿಂತ ವಿಚಿತ್ರವಾದದ್ದು ನಡೆಯಿತು. ಆಲ್ಡರ್‌ಬ್ರೂಕ್ ಬಿಟ್ಟ ಕೂಡಲೇ ಹಳಿ ಒಂದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಗಾಡಿ ಆ ತಿರುವು ದಾಟಿತ್ತು ಅಷ್ಟೆ. ಲೆಸ್ಟರ್ ತಟ್ಟನೆ ಎದ್ದು, ಎಲೆಗಳನ್ನು ಮುಖ ಮೇಲಾಗಿ ಹಲಗೆಯ ಮೇಲೆ ಹಾಕಿ, ಬಾಗಿಲ ಹತ್ತಿರ ಬಂದು ನಿಂತ. ಮಿಲ್ ಸ್ಟ್ರೀಟಿನಲ್ಲಿ ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ ಇಳಿದು, ಎದುರು ದಿಕ್ಕಿನ ಪ್ಲಾಟ್‌ಫಾರ್ಮಿಗೆ ಓಡಿದ. ಮಾದರಿ ಗುಂಡಿಗಳ ಪೆಟ್ಟಿಗೆ ಸೀಟಿನ ಮೇಲೇ ಉಳಿಯಿತು. ಗಿಲ್ರಾಯ್ ಇವನ ಎಲೆಗಳನ್ನು ನೋಡಿ, "ಗೆಲ್ಲೋ ಎಲೆ ಬಿಸಾಕಿ ಓಡ್ತಾನಲ್ರೀ, ಇವನಿಗೇನು ದೆವ್ವ ಹಿಡೀತಾ?" ಎಂದು ಬಾಯಿ ಬಾಯಿ ಬಿಟ್ಟ.

ಮರುದಿನ ಲೆಸ್ಟರ್ ಏನೂ ಆಗದವನ ಹಾಗೆ ಬಂದು ಅದೇ ಜಾಗದಲ್ಲಿ ಕೂತ. ಕೇಳಿದ್ದಕ್ಕೆ, "ಒಲೆ ಆರಿಸಿದ್ನೋ ಇಲ್ವೋ ಅಂತ ಅನುಮಾನ ಬಂತು," ಎಂದ.

"ನಿನಗೆ ಒಲೆ ಹಚ್ಚೋಕೆ ಬರುತ್ತಾ ಮೊದಲು?"

ಲೆಸ್ಟರ್ ಎಲೆ ಕಲಸತೊಡಗಿದ. ಅವನ ಹೆಂಡತಿ ವಿಲ್ಮಾ ಅವನನ್ನು ಒಲೆಯ ಹತ್ತಿರಕ್ಕೂ ಬಿಡುವವಳಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಅವಳು ದಿನವೂ ತಮ್ಮ ಹಸಿರು ವ್ಯಾಗನ್ ಕಾರಿನಲ್ಲಿ ಅವನನ್ನು ಸ್ಟೇಷನ್ನಿಗೆ ತಂದು ಬಿಡುತ್ತಿದ್ದಳು. ಪುಟ್ಟ ಹೆಂಗಸು, ನಾಲಿಗೆ ಚುರುಕು. ಗಾಡಿ ಒಂದು ನಿಮಿಷ ತಡವಾದರೂ ನಾನೇ ಹೊಣೆ ಎನ್ನುವಂತೆ, "ಏನು ಟಿಯರ್ನಿ, ದಾರೀಲಿ ಮಲಗಿದ್ರಾ?" ಎಂದು ಪ್ಲಾಟ್‌ಫಾರ್ಮಿನಿಂದಲೇ ತರಾಟೆಗೆ ತೆಗೆದುಕೊಳ್ಳುವಳು.

ಲೆಸ್ಟರ್ ನಿವೃತ್ತನಾದ. ಗಿಲ್ರಾಯ್ ತೀರಿಕೊಂಡ, ಗುಂಡಿಗಳ ಕೋಟು ತೊಡಿಸಿಯೇ ಅವನನ್ನು ಮಣ್ಣು ಮಾಡಿದರು. ಹಸಿರು ಡಬ್ಬಿಗಳ ಕಾಲವೂ ಮುಗಿಯಿತು. ಕೊನೆಯ ಓಟದ ದಿನ ಜನ ಮದುವೆಗೆ ಬಂದ ಹಾಗೆ ಬಟ್ಟೆ ಹಾಕಿಕೊಂಡು ಬಂದರು. ಬೇಸಿಗೆಯಲ್ಲಿ ಕಿಟಕಿ ಎತ್ತಿದರೆ ಬರುತ್ತಿದ್ದ ಬ್ರೇಕಿನ ಸುಟ್ಟ ವಾಸನೆ, ಛಾವಣಿಯ ಫ್ಯಾನಿನ ಗೊರಗೊರ, ತೊಡೆಗೆ ಅಚ್ಚು ಒತ್ತುತ್ತಿದ್ದ ಬೆತ್ತದ ಹೆಣಿಗೆ, ಹೊರಡುವಾಗ ಡಬ್ಬಿಯ ಹೊಟ್ಟೆಯೊಳಗಿನಿಂದ ಬರುತ್ತಿದ್ದ ಮೋಟಾರಿನ ಊಂಕಾರ. ಇವನ್ನೆಲ್ಲ ಇಷ್ಟು ವರ್ಷ ಬೈದವರೇ ಅಂದು ಕಣ್ಣೊರೆಸಿಕೊಂಡರು. ಆಮೇಲೆ ಬಂದದ್ದು ಬೆಳ್ಳಿ ಬಣ್ಣದ ಗಾಡಿಗಳು. ಕಿಟಕಿ ತೆಗೆಯಲು ಬಾರದು, ಸೀಟು ತಿರುಗಿಸಲು ಬಾರದು, ಎಲ್ಲ ಚೊಕ್ಕಟ. ಅವುಗಳಲ್ಲಿ ನಾನೂ ಒಂದಷ್ಟು ಕಾಲ ದುಡಿದು ಪಂಚು ಕೆಳಗಿಟ್ಟೆ.

ಹೀಗಿರುವಾಗ ದೂರದ ತೋಟವೊಂದರಲ್ಲಿ ನಮ್ಮ ಹಸಿರು ಡಬ್ಬಿಯೊಂದು ಕೋಳಿ ಆಹಾರದ ಉಗ್ರಾಣವಾಗಿ ನಿಂತಿದೆ ಎಂಬ ಸುದ್ದಿ ಬಂತು. ನಮ್ಮಂಥ ಕೆಲಸವಿಲ್ಲದವರು ಸೇರಿ ಸಂಘ ಕಟ್ಟಿ ಅದನ್ನು ಆಲ್ಡರ್‌ಬ್ರೂಕಿನ ಹಳೆಯ ಯಾರ್ಡಿಗೆ ತಂದೆವು. ಅದರ ಮೋಟಾರಿಗೆ ಬೇಕಾದ ಕರೆಂಟು ಈಗಿನ ತಂತಿಯಲ್ಲಿಲ್ಲ. ಆದ್ದರಿಂದ ಎಳೆಯಲು ಒಂದು ಮುದಿ ಡೀಸೆಲ್ ಎಂಜಿನ್ನನ್ನೂ ಎಲ್ಲಿಂದಲೋ ಸಂಪಾದಿಸಿದೆವು. ಅದರ ಹಾರ್ನಿನ ದನಿ ಒಡೆದಿತ್ತು, ಅದಕ್ಕೇ ಅದರ ಹೆಸರು ಕಪ್ಪೆ.

ಡಬ್ಬಿ ಬಂದ ವಾರವೇ ಲೆಸ್ಟರ್ ಯಾರ್ಡಿಗೆ ಬಂದ. ಮೊದಲಿಗಿಂತ ಸಣಕಲು, ಅದೇ ಹ್ಯಾಟು. ತುಕ್ಕು ನೋಡಲಿಲ್ಲ, ಬಣ್ಣ ನೋಡಲಿಲ್ಲ. ಒಂದೇ ಪ್ರಶ್ನೆ ಕೇಳಿದ.

"ಸೀಟುಗಳು ತಿರುಗ್ತಾವಾ?"

"ಎಣ್ಣೆ ಹಾಕಿದ್ರೆ ತಿರುಗ್ತಾವೆ," ಎಂದೆ. ಅಂದಿನಿಂದ ಅವನು ನಮ್ಮ ಸೀಟಿನ ಮೇಸ್ತ್ರಿಯಾದ. ಬೆತ್ತ ನೆನೆಸಿ ಹೆಣೆಯುವುದನ್ನು ಯಾರ ಹತ್ತಿರವೋ ಕಲಿತು ಬಂದ. ಕಲಿತ ಎನ್ನುವುದು ಅವನ ಮಾತು. ಅವನು ಹೆಣೆದ ಮೊದಲ ಸೀಟಿನಲ್ಲಿ ಕೂತಾಗ ನನ್ನ ಮೊಣಕಾಲು ಗಲ್ಲಕ್ಕೆ ತಾಗಿತು, ಎಬ್ಬಿಸಲು ಇಬ್ಬರು ಬೇಕಾದರು. ಆದರೂ ಬಿಡದೆ ಬಿಚ್ಚಿ ಬಿಚ್ಚಿ ಹೆಣೆದ. ವಿಲ್ಮಾ ಮೊದಲಿನ ಹಾಗೇ ಕಾರಿನಲ್ಲಿ ತಂದು ಬಿಟ್ಟು, ಕೆಲಸ ಮುಗಿದ ಮೇಲೆ ಕರೆದೊಯ್ಯುತ್ತಿದ್ದಳು. ಈಗ ಅವಳ ಕೈ ಸ್ವಲ್ಪ ನಡುಗುತ್ತಿತ್ತು, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು.

ಒಂದು ಮಧ್ಯಾಹ್ನ ಇಬ್ಬರೇ ಕೂತು ಕಾಫಿ ಕುಡಿಯುತ್ತಿದ್ದಾಗ ಲೆಸ್ಟರ್ ತಾನಾಗಿಯೇ ಬಾಯಿ ಬಿಟ್ಟ.

"ಟಿಯರ್ನಿ, ಇದು ಓಡೋ ದಿನ ಆ ಸೀಟಲ್ಲಿ ಒಂದ್ಸಲ ಕೂತ್ಕೋಬೇಕು ನಾನು. ಇಲ್ಲಿಂದ ಹೊರಡುವಾಗ, ಬೆಳಿಗ್ಗೆ. ನಾನು ಇಲ್ಲಿಗೆ ಬರ್ತಿರೋದೇ ಅದಕ್ಕೆ."

"ಕತ್ತೆ ಸೀಟಲ್ಲಾ?"

"ಹ್ಞೂಂ."

"ಯಾಕೆ ಅಂತ ಈಗಲಾದ್ರೂ ಹೇಳೋ ಪುಣ್ಯಾತ್ಮ. ಗಿಲ್ರಾಯ್ ತಿಳ್ಕೊಳ್ಳದೇ ಸತ್ತ. ನಾನೂ ಹಾಗೇ ಸಾಯ್ಬೇಕಾ?"

ಲೆಸ್ಟರ್ ಸಣ್ಣಗೆ ನಕ್ಕು ಬೆತ್ತದ ತುದಿ ಕತ್ತರಿಸತೊಡಗಿದ. ಹೊಟ್ಟೆ ಸೀಳಿದರೂ ಇವನಿಂದ ಒಂದಕ್ಷರ ಹೊರಡದು ಎಂದು ನಾನು ಕಾಫಿ ಮುಗಿಸಿ ಎದ್ದೆ.

ಅಷ್ಟರಲ್ಲಿ ಬಂತು ಕೊಕ್ಕೆ. ನೋಡಲು ಬಂದಿದ್ದ ಯಾರೋ ಒರಗು ತಿರುಗಿಸಲು ಹೋಗಿ ಬೆರಳು ಜಜ್ಜಿಕೊಂಡರು. ನಮ್ಮ ಸಂಘದ ಅಧ್ಯಕ್ಷೆ ಮಿಸೆಸ್ ಆಂಬ್ಲರ್ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಸಭೆ ಕರೆದು, ಎಲ್ಲ ಸೀಟುಗಳನ್ನೂ ಮುಂದುಮುಖವಾಗಿ ಬೋಲ್ಟು ಹಾಕಿ ಬಿಗಿಸುವುದೆಂದು ಹೇಳಿದರು. ಎಲ್ಲರೂ ತಲೆಯಾಡಿಸಿದರು. ಲೆಸ್ಟರ್ ಕೈ ಎತ್ತಿದ. ಅವನು ಸಭೆಯಲ್ಲಿ ಕೈ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ.

"ಒಂದು ಸೀಟು ಬಿಟ್ಟುಬಿಡಿ. ಎಡಗಡೆ, ಬಾಗಿಲಿಂದ ಮೂರನೇದು. ಅದು ಹಿಂದಕ್ಕೆ ತಿರುಗಿರ್ಲಿ."

"ಕಾರಣ ಏನು, ಮಿಸ್ಟರ್ ಪ್ರೊಕಾಪ್?"

ಲೆಸ್ಟರ್ ಹ್ಯಾಟನ್ನು ಕೈಯಲ್ಲಿ ತಿರುಗಿಸಿದ. "ಕಾರಣ ಇದೆ."

"ಅದನ್ನೇ ಕೇಳ್ತಿರೋದು ನಾನು."

"ಅದು ನನ್ನದು. ಇಲ್ಲಿ ಹೇಳೋವಂಥದ್ದಲ್ಲ."

"ಹೇಳೋಕೆ ಆಗದಿರೋ ಕಾರಣಕ್ಕೆ ಜನರ ಬೆರಳು ಜಜ್ಜಿಸೋಕೆ ಆಗಲ್ಲ. ಕೂತ್ಕೊಳ್ಳಿ."

ಕೂತ. ಆ ಮನುಷ್ಯ ಆಯುಸ್ಸಿನಲ್ಲಿ ಬೇಡಿದ್ದು ಒಂದು ಹಿಂದುಮುಖದ ಸೀಟು, ಅದಕ್ಕೂ ಕಲ್ಲು ಬಿತ್ತಲ್ಲ ಎಂದು ನನಗೆ ಸಂಕಟವಾಯಿತು. ಜತೆಗೆ, ಈ ಸೀಟು ಬಿಗಿದರೆ ನನಗೂ ಉತ್ತರ ಸಿಗುವುದಿಲ್ಲವಲ್ಲ. ಎದ್ದು ನಿಂತು, ಕೈಗೆ ಸಿಕ್ಕ ವಾದ ಹೂಡಿದೆ. ಇಸ್ಪೀಟು ಇಲ್ಲದೆ ಹಸಿರು ಡಬ್ಬಿ ಹೇಗಾದೀತು? ಎದುರುಬದುರು ಸೀಟು, ಹಲಗೆ, ಎಲೆ, ಗುಂಡಿ, ಇದೆಲ್ಲ ಈ ಲೈನಿನ ಚರಿತ್ರೆ ತಾನೇ? ಆ ಜೋಡಿಯನ್ನು ಎದುರುಬದುರಾಗಿಯೇ ಬೋಲ್ಟು ಹಾಕಿ ಬಿಗಿದರೆ ಬೆರಳಿಗೂ ಅಪಾಯವಿಲ್ಲ.

ಚರಿತ್ರೆ ಎಂದ ಕೂಡಲೇ ಮಿಸೆಸ್ ಆಂಬ್ಲರ್ ಕರಗಿದರು. ಒಪ್ಪಿದರು ಕೂಡ. ಲೆಸ್ಟರ್ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು ಜೋರಾಗಿ ಕುಲುಕಿದ.

ಓಡಿಸುವ ದಿನ ಬಂತು. ಅಕ್ಟೋಬರಿನ ಭಾನುವಾರ, ಬೆಳಗಿನ ಬಿಸಿಲು, ತೆಳು ಚಳಿ. ಪ್ಲಾಟ್‌ಫಾರ್ಮಿನಲ್ಲಿ ಹಳೆಯ ಮುಖಗಳು ತಮ್ಮ ತಮ್ಮ ಹಳೆಯ ಜಾಗದಲ್ಲೇ ನಿಂತಿದ್ದವು. ನಮ್ಮ ಲೈನಿನವರಿಗೆ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆಂದು ಕಾಲಿಗೇ ಗೊತ್ತು. ನಾನು ಹಳೆಯ ಟೋಪಿ ಹಾಕಿ, ಪಂಚು ಸಿಕ್ಕಿಸಿಕೊಂಡು ಒಳಗೆ ಹೋದೆ. ಹಿಂದೆಯೇ ಬಂದ ಲೆಸ್ಟರ್ ಗಕ್ಕನೆ ನಿಂತುಬಿಟ್ಟ.

ಕತ್ತೆ ಸೀಟಿನಲ್ಲಿ ಯಾರೋ ಕೂತಿದ್ದರು. ಬಟ್ಟೆ ಅಂಗಡಿಯ ಬೊಂಬೆ. ಹ್ಯಾಟು, ಟೈ, ಬೆರಳುಗಳ ನಡುವೆ ಇಸ್ಪೀಟಿನ ಎಲೆ. ಸುತ್ತಲೂ ಹಗ್ಗ. ಚರಿತ್ರೆಯನ್ನು ಮಿಸೆಸ್ ಆಂಬ್ಲರ್ ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು.

"ಇವನ್ಯಾರು?" ಎಂದ ಲೆಸ್ಟರ್. ದನಿ ಅಳುವ ಹಾಗಿತ್ತು.

"ನಿನ್ನ ಜಾಗಕ್ಕೆ ಬಂದಿರೋ ಹೊಸ ಕತ್ತೆ," ಎಂದು ಹಗ್ಗ ಬಿಚ್ಚಿದೆ. ಬೊಂಬೆಯನ್ನು ಸೊಂಟ ಹಿಡಿದು ಎತ್ತಿ ಎದುರಿನ ಮುಂದುಮುಖದ ಸೀಟಿನಲ್ಲಿ ಕೂರಿಸಿದೆ. "ನೋಡು, ಇವನಿಗೆ ಮೊದಲನೇ ದಿನವೇ ಬಡ್ತಿ." ಅಧ್ಯಕ್ಷೆ ಇನ್ನೊಂದು ತುದಿಯಲ್ಲಿ ಪತ್ರಿಕೆಯವರ ಫೋಟೋಕ್ಕೆ ನಿಂತಿದ್ದರು. ಅವರಿಗೆ ಗೊತ್ತಾಗುವಷ್ಟರಲ್ಲಿ ಲೆಸ್ಟರ್ ಕಿಟಕಿಯ ಪಕ್ಕ ಕೂತು ಹ್ಯಾಟು ಸರಿಮಾಡಿಕೊಂಡಿದ್ದ.

ವಿಲ್ಮಾ ಕೆಳಗೆ ನಿಂತಿದ್ದಳು. ನಾನು ಬಾಗಿಲಿನಿಂದ ಬಗ್ಗಿ ಕರೆದೆ. "ಬಾ ಮಾರಾಯ್ತಿ, ಇವತ್ತಾದ್ರೂ ಹತ್ತು."

"ನಾನ್ಯಾಕೆ ಹತ್ಲಿ? ನಾನು ಬಿಡೋಕೆ ಬರೋಳು, ಹೋಗೋಳಲ್ಲ. ನೀನು ನಿನ್ನ ಕೆಲಸ ನೋಡು, ಆಗಲೇ ತಡ ಆಗಿದೆ."

ಕಪ್ಪೆ ಒಡಕು ದನಿಯಲ್ಲಿ ಕೂಗಿತು. ಗಾಡಿ ಅಲುಗಿದಾಗ ಮೋಟಾರಿನ ಊಂಕಾರ ಇಲ್ಲದ್ದು ಎಲ್ಲರಿಗೂ ಒಮ್ಮೆಲೇ ತಟ್ಟಿತು. ಹಿಂದಿನ ಸೀಟಿನಿಂದ ಯಾರೋ ಬಾಯಲ್ಲೇ ಊಂ ಎಂದರು. ಪಕ್ಕದವರು ಸೇರಿಕೊಂಡರು. ನೋಡುತ್ತಿದ್ದಂತೆ ಇಡೀ ಡಬ್ಬಿಯ ಮುದುಕ ಮುದುಕಿಯರು ಮೋಟಾರಾಗಿ ಊಂಗುಟ್ಟುತ್ತಿದ್ದರು. ಬೇರೆ ದಿನವಾಗಿದ್ದರೆ ನಾನೂ ಸೇರುತ್ತಿದ್ದೆ. ಅಂದು ಲೆಸ್ಟರನ ಪಕ್ಕ ಕತ್ತೆಯಾಗಿ ಕೂತು, ಅವನು ನೋಡುವ ಕಡೆಗೇ ಕಣ್ಣು ನೆಟ್ಟೆ.

ಎಡಕ್ಕೆ ತಿರುವು. ಗಾಡಿ ಬಾಗಿದಂತೆ ಹಿಂದಿನ ಪ್ಲಾಟ್‌ಫಾರ್ಮು ಪೂರ್ತಿ ಕಿಟಕಿಯೊಳಗೆ ಬಂತು. ಇಷ್ಟು ವರ್ಷ ಆ ಗಾಡಿಯಲ್ಲಿ ಓಡಾಡಿದರೂ ನಾನು ಅದನ್ನು ನೋಡಿರಲಿಲ್ಲ. ಆ ಹೊತ್ತಿಗೆ ನಾನು ಯಾವಾಗಲೂ ಬೆನ್ನು ತಿರುಗಿಸಿ ಟಿಕೆಟ್ಟು ಕೇಳುತ್ತಿರುತ್ತಿದ್ದೆ.

ಬಿಡಲು ಬಂದವರೆಲ್ಲ ಹೊರಟಿದ್ದರು. ವಿಲ್ಮಾ ಒಬ್ಬಳೇ ಕಂಬದ ಹತ್ತಿರ ನಿಂತು ಕೈಚೀಲದೊಳಗೆ ತಡಕಾಡುತ್ತಿದ್ದಳು. ಏನೋ ತೆಗೆದು ಬಾಯಿಗಿಟ್ಟಳು. ತಲೆ ಬಗ್ಗಿಸಿ ಎರಡೂ ಕೈ ಮುಖದ ಹತ್ತಿರ ತಂದಳು. ಕೆಳಗಿಳಿಸಿದಳು. ಮತ್ತೆ ತಂದಳು.

"ಹೊತ್ತಿಕೊಳ್ತಿಲ್ಲ," ಎಂದ ಲೆಸ್ಟರ್, ತನಗೆ ತಾನೇ. ಅವನ ಕೈ ಕಿಟಕಿಯ ಅಂಚನ್ನು ಹಿಡಿದಿತ್ತು. ವಿಲ್ಮಾ ಮೂರನೆಯ ಸಲ ತಲೆ ಬಗ್ಗಿಸಿದಳು. ಲೆಸ್ಟರ್ ಎದ್ದು ನಿಂತೇಬಿಟ್ಟ. "ಟಿಯರ್ನಿ, ನಿಲ್ಲಿಸು. ಗಾಡಿ ನಿಲ್ಲಿಸು."

ನಾನು ಗಾಡಿ ನಿಲ್ಲಿಸುವ ಹಗ್ಗದ ಕಡೆಗೆ ಕೈ ಚಾಚಿದೆ. ಅಷ್ಟರಲ್ಲಿ ಕಂಬದ ಹತ್ತಿರ ಬಿಳಿಯ ಹೊಗೆ ಸುರುಳಿಯಾಗಿ ಎದ್ದು ಬಿಸಿಲಿನಲ್ಲಿ ಹರಡಿತು. ಲೆಸ್ಟರ್ ನಿಧಾನವಾಗಿ ಕೂತ. ಉಸಿರು ಬಿಟ್ಟ. ತಿರುವು ಮುಗಿದು ಪ್ಲಾಟ್‌ಫಾರ್ಮು ಮರಗಳ ಹಿಂದೆ ಸರಿಯಿತು.

"ಸಿಗರೇಟಾ?" ಎಂದೆ.

"ಎರಡನೇ ಮಗಳು ಹುಟ್ಟಿದಾಗ ಬಿಟ್ಟೆ ಅಂತ ಆಣೆ ಇಟ್ಟಳು. ನಾನು ಆಟಕ್ಕೆ ಸೇರಿದ ಮೊದಲನೇ ದಿನ, ಇಲ್ಲಿ ಕೂತು ನೋಡ್ತೀನಿ, ಗಾಡಿ ಹೋಗಿದ್ದೇ ತಡ ಒಂದು ಹಚ್ಚಿದಳು." ಅವನ ಮುಖದಲ್ಲಿ ನಾನೆಂದೂ ನೋಡದ ನಗು. "ಹೇಳಲಿಲ್ಲ ನಾನು. ಯಾಕೆ ಹೇಳ್ಲಿ? ಅವಳಿಗೆ ಅಂತ ಇದ್ದ ಹೊತ್ತು ಅದೊಂದೇ. ಹಚ್ಚೋ ರೀತೀಲೇ ಗೊತ್ತಾಗ್ತಿತ್ತು ನಂಗೆ, ಕೋಪ ಇದೆಯಾ, ಖುಷಿಯಾಗಿದಾಳಾ ಅಂತ. ಅದನ್ನ ನೋಡಿದ್ರೆ ದಿನ ಸರಿಹೋಗೋದು."

"ಅವತ್ತು ಇಳಿದು ಓಡಿದ್ದು?"

"ಅವತ್ತು ಹಚ್ಚಲಿಲ್ಲ. ಬೆಂಚಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಏನಾಯ್ತೋ ಅಂತ ಜೀವ ಬಾಯಿಗೆ ಬಂತು. ಹೋಗಿ ನೋಡಿದ್ರೆ ಗುಂಡುಕಲ್ಲಿನ ಹಾಗಿದಾಳೆ, ಯಾಕೆ ಬಂದೆ ಅಂತ ನಂಗೇ ಬೈತಾಳೆ."

"ಈಗ ಇಡೀ ದಿನ ಮನೇಲೇ ಇರ್ತೀಯಲ್ಲಯ್ಯ. ಅಲ್ಲಿ ನೋಡಿ ನೋಡಿ ಸಾಲದಾ?"

"ಮನೇಲಿ ನೋಡೋದು ಬೇರೆ. ಅಲ್ಲಿ ನಾನು ನೋಡ್ತಿದೀನಿ ಅಂತ ಅವಳಿಗೆ ಗೊತ್ತಿರುತ್ತೆ."

ಜೇಬಿನಿಂದ ಒಂದು ಹಿಡಿ ಗುಂಡಿ ತೆಗೆದು ಹಲಗೆಯ ಮೇಲೆ ಸುರಿದ, ಎಲೆ ಹಂಚಿದ. ಬೊಂಬೆಗೂ ಹಂಚಿದ.

ಗಾಡಿ ವಾಪಸ್ಸು ಬಂದಾಗ ಅಧ್ಯಕ್ಷೆ ಲೆಸ್ಟರನನ್ನು ಬೊಂಬೆಯ ವಿಷಯಕ್ಕೆ ತಡೆದು ನಿಲ್ಲಿಸಿಕೊಂಡರು. ನಾನು ನೇರ ಕಂಬದ ಹತ್ತಿರ ಹೋದೆ. ಅಲ್ಲಿ ಸಿಗರೇಟು ಆರಿಸಲು ಇಟ್ಟಿದ್ದ ಮರಳಿನ ಡಬ್ಬಿಯಲ್ಲಿ ಒಂದೇ ಒಂದು ಸಿಗರೇಟು ನಿಂತಿತ್ತು, ಬೂದಿಯಾಗಿ, ಉದ್ದಕ್ಕೂ ಹಾಗೇ. ಯಾರೂ ಸೇದದೆ ತಾನಾಗಿ ಉರಿದುಹೋದ ಸಿಗರೇಟು ಹಾಗಿರುತ್ತದೆ. ಬಗ್ಗಿ ನೋಡುತ್ತಿದ್ದವನ ಬೆನ್ನ ಹಿಂದೆ ದನಿ ಕೇಳಿತು.

"ಮೂಗು ಎಲ್ಲೆಲ್ಲಿ ಇಡ್ತೀಯಾ ಟಿಯರ್ನಿ. ಬೂದಿ ಡಬ್ಬೀನೂ ಬಿಡಲ್ವಾ?"

ತಿರುಗಿದೆ. "ಸೇದಿಲ್ಲ ನೀನು ಇದನ್ನ."

ವಿಲ್ಮಾ ಲೆಸ್ಟರ್ ಎಲ್ಲಿದ್ದಾನೆಂದು ಮೊದಲು ನೋಡಿಕೊಂಡಳು. ಆಮೇಲೆ ಬೆಂಚಿನಲ್ಲಿ ಕೂತಳು.

"ಹೊತ್ತಿಸೋಕೆ ಒಂದು ದಮ್ಮು, ಅಷ್ಟೇ. ಬಿಟ್ಟು ಬಹಳ ವರ್ಷ ಆಯ್ತು. ಒಂದು ದಿನ ನಿಜವಾಗ್ಲೂ ಬಿಟ್ಟೆ. ತಡೆಯೋಕಾಗದೆ ಇದೇ ಬೆಂಚಲ್ಲಿ ತಲೆ ಹಿಡ್ಕೊಂಡು ಕೂತಿದ್ದೆ. ಇವನು ಓಡಿ ಬಂದ, ಮುಖದಲ್ಲಿ ರಕ್ತ ಇಲ್ಲ. ಒಲೆ ಅಂತಾನೆ. ಒಲೆ ಯಾವ ಕಡೆಗಿದೆ ಅಂತ ಇವನಿಗೆ ಗೊತ್ತಿಲ್ಲ. ಯೋಚನೆ ಮಾಡಿದೆ, ಇವತ್ತು ನಾನು ಏನು ಬೇರೆ ಮಾಡಿದೆ ಅಂತ. ಮಾರನೇ ದಿನ ಗಾಡಿ ತಿರುಗುವಾಗ ಕಣ್ಣಿಟ್ಟು ನೋಡಿದೆ. ಎಲ್ಲರ ಹ್ಯಾಟೂ ಆ ಕಡೆಗೆ. ಒಂದು ಹ್ಯಾಟು ಮಾತ್ರ ಈ ಕಡೆಗೆ."

"ಗೊತ್ತು ಅಂತ ಹೇಳಿಬಿಡಬಹುದಿತ್ತಲ್ಲ."

"ಹೇಳಿದ್ರೆ ನಾಚ್ಕೊಂಡು ನೋಡೋದೇ ಬಿಟ್ಟುಬಿಡ್ತಿದ್ದ. ಮದುವೆ ಆಗಿ ಎಷ್ಟೋ ವರ್ಷ ಆದ ಮೇಲೂ, ದಿನಾ ಬೆಳಿಗ್ಗೆ ನನ್ನ ನೋಡೋಕೆ ಅಂತ ಒಬ್ಬ ಕತ್ತೆ ಸೀಟಲ್ಲಿ ಕೂತಿರ್ತಾನೆ. ಅದನ್ನ ಕಳ್ಕೊಳ್ಳೋಷ್ಟು ದಡ್ಡಿ ಅಲ್ಲ ನಾನು." ನಡುಗುವ ಕೈಗಳನ್ನು ಮಡಿಲಿನಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. "ಹಚ್ಚಿದ್ರೆ ನೆಮ್ಮದಿಯಾಗಿ ಹೋಗ್ತಾನೆ. ಅದಕ್ಕೆ ಹಚ್ಚುತ್ತಿದ್ದೆ. ಇವತ್ತು ಆ ಲೈಟರು ಎಷ್ಟು ಆಟ ಆಡಿಸ್ತು ಗೊತ್ತಾ. ನಿನ್ನ ಬಾಯಿ ನನಗೆ ಗೊತ್ತು ಟಿಯರ್ನಿ. ಇದೊಂದನ್ನ ನುಂಗಿಕೋ."

ನುಂಗಿಕೊಂಡೆ. ಇಡೀ ಲೈನಿನ ಸುದ್ದಿ ಹಂಚಿದ ನನಗೆ ಅದು ಎಷ್ಟು ಕಷ್ಟವಾಯಿತು ಎನ್ನುವುದನ್ನು ನನ್ನನ್ನು ಬಲ್ಲವರು ಊಹಿಸಬಹುದು. ಲೆಸ್ಟರ್ ಬೇಸ್‌ಬಾಲಿನ ಪುಟ ಬಿಟ್ಟು ಬೇರೇನೂ ಓದುವುದಿಲ್ಲ. ಆ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ.

ಈಗ ವಸಂತದಿಂದ ಎಲೆ ಉದುರುವವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಕಪ್ಪೆ ನಮ್ಮ ಹಸಿರು ಡಬ್ಬಿಯನ್ನು ಎಳೆದುಕೊಂಡು ಹೊರಡುತ್ತದೆ. ಬೊಂಬೆಗೆ ಖಾಯಂ ಮುಂದುಮುಖದ ಸೀಟು ಸಿಕ್ಕಿದೆ, ಲೆಸ್ಟರನಿಗೆ ಅವನದು. ನನ್ನ ಟೋಪಿ ಮತ್ತು ಪಂಚನ್ನು ಬೇರೊಬ್ಬರಿಗೆ ಕೊಟ್ಟಿದ್ದೇನೆ. ಟಿಯರ್ನಿ ಯಾಕೆ ಗಾಡಿ ಹತ್ತುವುದಿಲ್ಲ, ಇಷ್ಟು ಹಾತೊರೆದವನಿಗೆ ಏನಾಯಿತು ಎಂದು ಸಂಘದಲ್ಲಿ ಎಲ್ಲರಿಗೂ ಕುತೂಹಲ. ಸೊಂಟ ಹಿಡಿದುಕೊಳ್ಳುತ್ತದೆ ಎನ್ನುತ್ತೇನೆ. ಗಾಡಿ ಅಲುಗಿ ಒಳಗಿನ ಮುದುಕರು ಊಂ ಎನ್ನತೊಡಗಿದಾಗ ನಾನು ಕಂಬದ ಹಿಂದೆ, ತಿರುವಿನಿಂದ ಕಾಣದ ಹಾಗೆ ಹೊಟ್ಟೆ ಒಳಗೆಳೆದುಕೊಂಡು ನಿಂತಿರುತ್ತೇನೆ. ವಿಲ್ಮಾ ಸಿಗರೇಟು ಬಾಯಿಗಿಟ್ಟು ತಲೆ ಬಗ್ಗಿಸುತ್ತಾಳೆ. ನಾನು ಕೈ ಮಾತ್ರ ಚಾಚಿ ಲೈಟರು ಹೊತ್ತಿಸುತ್ತೇನೆ.